ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದವರು ಇನ್ಸುಲಿನ್ ಪರೀಕ್ಷೆ ಮಾಡಿಸುವ ಬಗೆ

ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಮಧುಮೇಹವಿದ್ದವರಲ್ಲಿ ರಕ್ತದ ಸಕ್ಕರೆ ಏರುವುದಕ್ಕೆ ವರ್ಷಗಳ ಮೊದಲೇ ಇನ್ಸುಲಿನ್ ಏರಿರಬಹುದು. ಜೀವಕೋಶಗಳು ಆ ಹಾರ್ಮೋನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿಯು ಅದನ್ನು ಹೆಚ್ಚು ಸ್ರವಿಸಿ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿ ರೊಟ್ಟಿ ಊಟ ಬೇಗ ಮುಗಿಸಿ, 8ರಿಂದ 12 ತಾಸು ಉಪವಾಸವಿರಬೇಕು. ನಮ್ಮ ಬಾಗಲಕೋಟೆ ಕಡೆ ಎದ್ದ ಕೂಡಲೇ ಚಹಾ ಕುಡಿಯುವ ರೂಢಿ ಬಲವಾಗಿರುವುದರಿಂದ ಒತ್ತಿ ಹೇಳುತ್ತೇನೆ: ಸಕ್ಕರೆ ಹಾಕಿದ ಅರ್ಧ ಕಪ್ ಚಹಾ ಕೂಡ ಫಲಿತಾಂಶವನ್ನು ಕೆಡಿಸುತ್ತದೆ, ನೀರು ಮಾತ್ರ ಕುಡಿಯಬಹುದು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ಮೊದಲೇ ತಿಳಿಸಿರಿ.

ಸಕ್ಕರೆ, ಇನ್ಸುಲಿನ್ ಎರಡನ್ನೂ ಒಂದೇ ಸಲ ತೆಗೆದ ರಕ್ತದಲ್ಲಿ ಅಳೆಯಿಸಿ, ಅವೆರಡನ್ನು ಗುಣಿಸಿ 405ರಿಂದ ಭಾಗಿಸಿದರೆ ‘ಹೋಮಾ-ಐಆರ್’ ಎಂಬ ಅಂದಾಜು ಸೂಚ್ಯಂಕ ಸಿಗುತ್ತದೆ. ಡೆಸಿಲೀಟರಿಗೆ ಸಕ್ಕರೆ 90 ಮಿಲಿಗ್ರಾಂ, ಮಿಲಿಲೀಟರಿಗೆ ಇನ್ಸುಲಿನ್ 18 ಮೈಕ್ರೋಯೂನಿಟ್ ಇದ್ದರೆ ಉತ್ತರ 4. ಸಕ್ಕರೆ ಸಹಜವಾಗಿದ್ದರೂ ಇಂಥ ಅಂಕಿ ಇನ್ಸುಲಿನ್ ಪ್ರತಿರೋಧವನ್ನು, ಅಂದರೆ ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದನ್ನು, ಸೂಚಿಸುತ್ತದೆ. ಆದರೆ ಅಳತೆಯ ವಿಧಾನ ಲ್ಯಾಬಿನಿಂದ ಲ್ಯಾಬಿಗೆ ಬೇರೆಯಾಗುವುದರಿಂದ, ಮುಂದಿನ ಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು.

ಕೊಬ್ಬಿನ ಕೋಶಗಳು ಸ್ರವಿಸುವ ಅಡಿಪೋನೆಕ್ಟಿನ್ ಕಡಿಮೆಯಾಗಿದ್ದರೂ ಅಪಾಯ ಹೆಚ್ಚು. ಆದರೆ ಆ ಪರೀಕ್ಷೆಗೆ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಅದಕ್ಕಿಂತ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ, ಅದು 5.7ರಿಂದ 6.4 ಪ್ರತಿಶತದೊಳಗಿದ್ದರೆ ಎಲ್ಲ ವರದಿಗಳೊಂದಿಗೆ ವೈದ್ಯರನ್ನು ಕಾಣಬೇಕು.