ನಾರಾದ ಹೇಯ್ಜೋ ಅರಮನೆ: ಹಾಸನದ ಕಡೆಯಿಂದ ಹೋಗುವವರಿಗೆ

ಬೇಲೂರು, ಹಳೇಬೀಡು ನೋಡಿ ಬೆಳೆದವರಿಗೆ ಜಪಾನಿನ ಹೇಯ್ಜೋ ಅರಮನೆ ಮೊದಲ ನೋಟಕ್ಕೆ ಬರೀ ಹುಲ್ಲುಬಯಲು. ಬೇಸರಪಡಬೇಡಿ. 710ರಲ್ಲಿ ರಾಜಧಾನಿಯಾಗಿ 784ರಲ್ಲಿ ಆ ಪಟ್ಟ ಕಳೆದುಕೊಂಡ ಊರಿನ ಅರಮನೆ ಇದು. ಕಟ್ಟಡಗಳೆಲ್ಲ ಮರದವು, ಮುಂದೆ ಅವುಗಳ ಜಾಗದಲ್ಲಿ ಗದ್ದೆ ಬಂತು. ಈಗ ಕಾಣುವುದರಲ್ಲಿ ಯಾವುದು ಹೊಸದಾಗಿ ಕಟ್ಟಿದ್ದು, ಯಾವುದು ಬರೀ ಗುರುತು, ಯಾವುದು ಅಸಲಿ ಎಂದು ಬಿಡಿಸಿಕೊಂಡು ನೋಡಿದರೆ ಮಾತ್ರ ಜಾಗ ದಕ್ಕುತ್ತದೆ.

ಸೋಮವಾರ ಹೋಗಬೇಡಿ, ಒಳಗೆ ಹೊಕ್ಕು ನೋಡುವ ಮುಖ್ಯ ಜಾಗಗಳಿಗೆಲ್ಲ ಅಂದು ಬೀಗ. ಸೋಮವಾರವೇ ಸರ್ಕಾರಿ ರಜೆ ಬಿದ್ದರೆ ಮಾರನೇ ದಿನ ಮುಚ್ಚುತ್ತಾರೆ. ಬಾಕಿ ದಿನ ಬೆಳಗ್ಗೆ 9ರಿಂದ ಸಂಜೆ 4.30, ಒಳಗೆ ಬಿಡುವುದು 4ರವರೆಗೆ. ಟಿಕೆಟ್ ಇಲ್ಲ.

ಇಳಿಯಬೇಕಾದ ಸ್ಟೇಷನ್ ಯಮಾತೋ-ಸೈದಾಯ್ಜಿ. ಒಸಾಕಾ-ನಂಬಾದಿಂದ ಕಿಂತೆತ್ಸು ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಇದು ಖಾಸಗಿ ರೈಲು, ಜೆಆರ್ (ಜಪಾನ್ ರೈಲ್ವೇಸ್) ಪಾಸ್ ನಡೆಯುವುದಿಲ್ಲ. ಲಿಮಿಟೆಡ್ ಎಕ್ಸ್‌ಪ್ರೆಸ್ ಹತ್ತಿದರೆ ಮೇಲೆ ಇನ್ನೊಂದು ಟಿಕೆಟ್ ಬೇಕು, ರ‍್ಯಾಪಿಡ್ ಎಕ್ಸ್‌ಪ್ರೆಸ್‌ಗೆ ಬೇಡ. ನಾರಾ ಎಂಬ ಹೆಸರು ನೋಡಿ ಮುಂದಕ್ಕೆ ಹೋದರೆ ರೈಲೋ ಬಸ್ಸೋ ಹಿಡಿದು ವಾಪಸ್ ಬರಬೇಕಾಗುತ್ತದೆ.

ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದು ಮೊದಲು ಮ್ಯೂಸಿಯಂ ನೋಡಿ. ಮರದ ಪಟ್ಟಿಗಳ ಮೇಲೆ ಶಾಯಿಯಲ್ಲಿ ಬರೆದ ಕಚೇರಿ ಚೀಟಿಗಳು, 'ಮೊಕ್ಕಾನ್', ಈ ನೆಲದಲ್ಲಿ ರಾಶಿ ರಾಶಿ ಸಿಕ್ಕಿವೆ. ನೀರು ನಿಂತ ಕೆಸರಿನಲ್ಲಿ ಗಾಳಿಯಾಡದೆ ಮರ ಕೊಳೆಯದೆ ಉಳಿಯಿತು. ಅಲ್ಲಿಂದ ಡೈಗೋಕುದೆನ್, ಅಂದರೆ ದರ್ಬಾರು ಭವನ. ಇದು 2010ರಲ್ಲಿ ಮತ್ತೆ ಎಬ್ಬಿಸಿದ್ದು: ಅಗಲ ಸುಮಾರು 44 ಮೀಟರ್, ಎತ್ತರ 27 ಮೀಟರ್. ಮೂಲದ ನಕ್ಷೆ ಯಾರ ಬಳಿಯೂ ಇರಲಿಲ್ಲ. ಹೊರ್ಯೂಜಿ, ಯಾಕುಶಿಜಿಯಂಥ ಹಳೆಯ ದೇಗುಲಗಳನ್ನು ನೋಡಿ ಮೇಲ್ಭಾಗ ಊಹಿಸಿದರು. ಹಾಗಾಗಿ ನೆಲದಳತೆಗೆ ಆಧಾರವುಂಟು, ಸೂರಿನ ಆಕಾರ ವಿದ್ವಾಂಸರ ತೀರ್ಮಾನ ಎಂದುಕೊಂಡು ನೋಡಿ.

ಅಸಲಿ ನೋಡಬೇಕಾದರೆ ಈಶಾನ್ಯದ ಉತ್ಖನನ ಪ್ರದರ್ಶನ ಶಾಲೆಗೇ ಹೋಗಬೇಕು. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ನಮ್ಮ ಪ್ರಕಾರ ಇದೇ ಮುಖ್ಯ. ಅಗೆದ ನೆಲವನ್ನೇ ಸೂರು ಹಾಕಿ ಇಟ್ಟಿದ್ದಾರೆ. ಕಂಬ ನೆಡಲು ತೋಡಿ ಮತ್ತೆ ತುಂಬಿದ ಮಣ್ಣಿನ ಬಣ್ಣ ಸುತ್ತಲಿನದಕ್ಕಿಂತ ಬೇರೆ. ಆ ಕಲೆಗಳ ಸಾಲೇ ಗೋಡೆಯ ಗೆರೆ. ಇದನ್ನು ನೋಡಿದ ಮೇಲೆ ಪಕ್ಕದ ಅರಸರ ಮನೆಯ ಬಯಲಿಗೆ ಬನ್ನಿ, ಕಂಬದಂತೆ ಗುಂಡಗೆ ಕತ್ತರಿಸಿದ ಗಿಡಗಳು ಏನೆಂದು ಯಾರೂ ಹೇಳಬೇಕಿಲ್ಲ.

ನಡಿಗೆ ನಾಲ್ಕೈದು ಕಿಲೋಮೀಟರ್, ಮೂರು ಗಂಟೆ ಬೇಕು. ನೆರಳು ಕಡಿಮೆ, ಜುಲೈ, ಆಗಸ್ಟಿನ ಸೆಕೆ ನಮ್ಮ ಮಲೆನಾಡಿನವರಿಗೆ ತಡೆಯದು. ಕೊಡೆ, ನೀರು ಇರಲಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳಿ: ತರಕಾರಿ ಉದೋನ್ (ಸಾರಿನಲ್ಲಿ ಕೊಡುವ ದಪ್ಪ ಶಾವಿಗೆ) ಎಂದರೂ ಅದರ ಸಾರಿಗೆ ಸಾಮಾನ್ಯವಾಗಿ ಮೀನಿನ ಕಷಾಯ ಬಿದ್ದಿರುತ್ತದೆ. ಕಸದ ಬುಟ್ಟಿ ಹುಡುಕಬೇಡಿ, ಚೀಲದಲ್ಲೇ ಒಯ್ಯಿರಿ.

ಆಗ್ನೇಯದ ಕೊಳದ ತೋಟವನ್ನು 4ಕ್ಕೆ ಮುಂಚೆ ಮುಗಿಸಿ. 1998ರಲ್ಲಿ ಕಟ್ಟಿದ ಸುಜಾಕು ಮಹಾದ್ವಾರವನ್ನು ಕೊನೆಗಿಟ್ಟುಕೊಂಡರೂ ನಡೆಯುತ್ತದೆ, ಹೊರಗಿನಿಂದ ಯಾವಾಗ ಬೇಕಾದರೂ ಕಾಣುತ್ತದೆ. ಆದರೆ ದ್ವಾರಕ್ಕೂ ಡೈಗೋಕುದೆನ್‌ಗೂ ನಡುವೆ ರೈಲು ಹಳಿ ಹಾದುಹೋಗಿದೆ; ಗೇಟು ಬಿದ್ದರೆ ಕಾಯಬೇಕು, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.