ಬೆಲರ್ಮಿನ್‌ನಂಥ ಹುಡುಗರ ಜೆಸ್ವಿಟ್ ಹೈಸ್ಕೂಲಿಗೆ ತಯಾರಿ: ನಾವು ಮಾಡಿದ ರೀತಿ

ಮಗ ಎಂಟನೇ ತರಗತಿಗೆ ಕಾಲಿಟ್ಟ ಕೂಡಲೇ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಏಳುವ ಪ್ರಶ್ನೆ, ‘ಬೆಲರ್ಮಿನ್‌ಗೆ ಗಣಿತ ಎಷ್ಟು ಮಾಡಿಸಬೇಕು?’ ಅನ್ನುವುದು. ನಮ್ಮ ಅನುಭವದಲ್ಲಿ ಗಣಿತಕ್ಕೆ ತಲೆ ಕೆಡಿಸಿಕೊಳ್ಳಬೇಕಾದ್ದು ಕಡಿಮೆ. ನಮ್ಮ ಮಕ್ಕಳು ಎಡವುವುದು ವೇಗದಲ್ಲಿ ಮತ್ತು ಇಂಗ್ಲಿಷ್ ಪದಸಂಪತ್ತಿನಲ್ಲಿ. ಆರನೇ ತರಗತಿಗೇ ಆಲ್ಜೀಬ್ರಾ ಮುಗಿಸಿದ ಹುಡುಗರೂ ಪ್ರವೇಶ ಪರೀಕ್ಷೆಯ ಮೊದಲ 16 ನಿಮಿಷದಲ್ಲೇ ಅರ್ಧ ಪ್ರಶ್ನೆಗಳನ್ನು ಬಿಟ್ಟುಬರುತ್ತಾರೆ.

ಶಾಲೆಯ ಬಗ್ಗೆ ಎರಡು ಮಾತು. ಬೆಲರ್ಮಿನ್ ಕಾಲೇಜ್ ಪ್ರಿಪರೇಟರಿ 1851ರಲ್ಲಿ ಸಾಂತಾ ಕ್ಲಾರಾ ಕಾಲೇಜಿನ ಭಾಗವಾಗಿ ಶುರುವಾಗಿ, 1920ರ ದಶಕದಲ್ಲಿ ಸ್ಯಾನ್ ಹೋಸೆಯ ಈಗಿನ ಆವರಣಕ್ಕೆ ಬಂದ ಹುಡುಗರ ಶಾಲೆ. ನಡೆಸುವವರು ಜೆಸ್ವಿಟ್‌ಗಳು, ಅಂದರೆ ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ಓದಿದವರಿಗೆ ಇಲ್ಲಿನ ಗಾಳಿ ಪರಿಚಿತ ಅನ್ನಿಸಿದರೆ ಅದು ಬರೀ ಭ್ರಮೆಯಲ್ಲ: ಕ್ಯಾಲಿಫೋರ್ನಿಯಾ ಮಿಷನ್ ಟ್ಯೂರಿನ್ ಪ್ರಾಂತದ ಜೆಸ್ವಿಟ್‌ಗಳ ಕೈಗೆ ಬಂದದ್ದು 1854ರಲ್ಲಿ, ಮಂಗಳೂರು ಮಿಷನ್ ವೆನಿಸ್ ಪ್ರಾಂತದವರಿಗೆ ಸಿಕ್ಕಿದ್ದು 1878ರಲ್ಲಿ. ಎರಡನ್ನೂ ಕಟ್ಟಿದವರು ಇಟಲಿಯ ಪಾದ್ರಿಗಳು.

ಇನ್ನು ಪರೀಕ್ಷೆ. ಅಮೆರಿಕದ ಅನೇಕ ಕ್ಯಾಥೊಲಿಕ್ ಹೈಸ್ಕೂಲುಗಳು ಬಳಸುವುದು ಹೈಸ್ಕೂಲ್ ಪ್ಲೇಸ್‌ಮೆಂಟ್ ಟೆಸ್ಟ್, ಅಂದರೆ ಎಚ್‌ಎಸ್‌ಪಿಟಿ. ಕೋವಿಡ್ ಕಾಲದಲ್ಲಿ ಕೆಲವು ಶಾಲೆಗಳು ಇದನ್ನು ಕೈಬಿಟ್ಟಿದ್ದವು. ಹಾಗಾಗಿ ನಿಮ್ಮ ಶಾಲೆಯ ಆ ವರ್ಷದ ನಿಯಮ ನೋಡಿಕೊಂಡೇ ಪುಸ್ತಕ ಕೊಳ್ಳಿ. ರಚನೆ ಹೀಗಿದೆ: ವರ್ಬಲ್ 60 ಪ್ರಶ್ನೆ, 16 ನಿಮಿಷ. ಕ್ವಾಂಟಿಟೇಟಿವ್ 52 ಪ್ರಶ್ನೆ, 30 ನಿಮಿಷ. ರೀಡಿಂಗ್ 62 ಪ್ರಶ್ನೆ, 25 ನಿಮಿಷ. ಗಣಿತ 64 ಪ್ರಶ್ನೆ, 45 ನಿಮಿಷ. ಲ್ಯಾಂಗ್ವೇಜ್ 60 ಪ್ರಶ್ನೆ, 25 ನಿಮಿಷ. ಒಟ್ಟು 298 ಪ್ರಶ್ನೆ, 141 ನಿಮಿಷ. ಕ್ಯಾಲ್ಕ್ಯುಲೇಟರ್ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ಅಂಕಗಳು 200ರಿಂದ 800ರ ಮಾಪಕದಲ್ಲಿ ಬರುತ್ತವೆ, ಜತೆಗೆ ರಾಷ್ಟ್ರೀಯ ಪರ್ಸೆಂಟೈಲ್.

ವರ್ಬಲ್‌ನಲ್ಲಿ ಪ್ರಶ್ನೆಗೆ ಸಿಗುವುದು 16 ಸೆಕೆಂಡು. ಸಮಾನಾರ್ಥಕ, ವಿರುದ್ಧಾರ್ಥಕ, ಪದಸಂಬಂಧ, ಗುಂಪಿಗೆ ಸೇರದ ಪದ ಮತ್ತು ತರ್ಕದ ಪ್ರಶ್ನೆಗಳು ಬೆರೆತು ಬರುತ್ತವೆ. ತರ್ಕದ ಪ್ರಶ್ನೆಗೆ ಸರಿ, ತಪ್ಪು, ಅನಿಶ್ಚಿತ ಅನ್ನುವ ಮೂರೇ ಆಯ್ಕೆ. ‘ರಮೇಶ ಸುರೇಶನಿಗಿಂತ ಎತ್ತರ. ಮಹೇಶ ರಮೇಶನಿಗಿಂತ ಗಿಡ್ಡ. ಆದ್ದರಿಂದ ಮಹೇಶ ಸುರೇಶನಿಗಿಂತ ಎತ್ತರ.’ ಇದಕ್ಕೆ ಉತ್ತರ ಅನಿಶ್ಚಿತ. ಮಕ್ಕಳು ತಲೆಯಲ್ಲೇ ಒಂದು ಚಿತ್ರ ಬರೆದು ಸರಿ ಅಂತಲೋ ತಪ್ಪು ಅಂತಲೋ ಗುರುತು ಹಾಕಿಬಿಡುತ್ತಾರೆ. ಇದಕ್ಕೆ ಮದ್ದು ಸರಳ: ಪಕ್ಕದಲ್ಲಿ ಒಂದು ಗೆರೆ ಎಳೆದು ರ, ಸು, ಮ ಅಕ್ಷರಗಳನ್ನು ಮೇಲೆ ಕೆಳಗೆ ಬರೆಯುವುದು. ಒಂದು ಅಕ್ಷರ ಎರಡು ಜಾಗದಲ್ಲಿ ಕೂರಬಹುದಾದರೆ ಅನಿಶ್ಚಿತ, ಮುಂದಕ್ಕೆ ಹೋಗು. ಅಭ್ಯಾಸವಾದ ಮೇಲೆ ಇಂಥದ್ದಕ್ಕೆ ಹತ್ತು ಸೆಕೆಂಡು ಸಾಕು. ಉಳಿದ ಆರು ಸೆಕೆಂಡು ಗೊತ್ತಿಲ್ಲದ ಪದಕ್ಕೆ ಸಿಗುತ್ತದೆ.

ಪದಗಳಿಗೆ ದಿಢೀರ್ ದಾರಿ ಇಲ್ಲ. ಪಟ್ಟಿ ಹಿಡಿದು ಬಾಯಿಪಾಠ ಮಾಡಿಸಿದರೆ ಎರಡು ವಾರದಲ್ಲಿ ಮರೆಯುತ್ತದೆ. ನಮಗೆ ಉಪಯೋಗಕ್ಕೆ ಬಂದದ್ದು ಲ್ಯಾಟಿನ್, ಗ್ರೀಕ್ ಪದಮೂಲಗಳ ಪಟ್ಟಿ: ದಿನಕ್ಕೆ ಎರಡು ಮೂಲ, ಪ್ರತಿ ಮೂಲಕ್ಕೆ ಮೂರು ಪದ, ಪ್ರತಿ ಪದಕ್ಕೆ ಹುಡುಗನೇ ಮಾಡಿದ ಒಂದು ವಾಕ್ಯ. ಏಳನೇ ತರಗತಿಯ ಬೇಸಿಗೆ ರಜೆಯಲ್ಲೇ ಶುರುಮಾಡಿದರೆ ಭಾರ ಅನ್ನಿಸುವುದಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವುದರಿಂದ ಇಂಗ್ಲಿಷ್ ಹಿಂದೆ ಬೀಳುತ್ತದೆ ಅಂತ ಕನ್ನಡ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ಪದ ಹಿಂದೆ ಬೀಳುವುದು ಹುಡುಗ ಕಥೆ, ಪ್ರಬಂಧ, ದಿನಪತ್ರಿಕೆ ಯಾವುದನ್ನೂ ಓದದೆ ಬರೀ ಲೆಕ್ಕದ ವರ್ಕ್‌ಶೀಟ್ ತುಂಬಿಸುವುದರಿಂದ.

ಕ್ವಾಂಟಿಟೇಟಿವ್ ಭಾಗ ನಮ್ಮ ಮಕ್ಕಳ ಗದ್ದೆ, ಆದರೂ ಅಲ್ಲೊಂದು ಹಳ್ಳವಿದೆ. ಪ್ರಶ್ನೆಗೆ ಸುಮಾರು 35 ಸೆಕೆಂಡು ಮಾತ್ರ. 3, 7, 6, 10, 9, 13 ಆದ ಮೇಲೆ ಯಾವುದು ಎಂದರೆ ಎಲ್ಲರೂ 12 ಅನ್ನುತ್ತಾರೆ. ‘ಯಾವ ಸಂಖ್ಯೆಯ ಶೇ 20ಕ್ಕೆ 6 ಕೂಡಿಸಿದರೆ 5ರ ವರ್ಗಕ್ಕಿಂತ 1 ಹೆಚ್ಚು ಬರುತ್ತದೆ?’ ಎಂಬಂಥ ಪ್ರಶ್ನೆಯಲ್ಲಿ ಹುಡುಗರು ಎಕ್ಸ್ ಇಟ್ಟು ಸಮೀಕರಣ ಬರೆದು, ಎರಡೂ ಬದಿ ಸರಿಗೊಳಿಸಿ, ನಿಧಾನಕ್ಕೆ 100 ಅನ್ನುತ್ತಾರೆ. ಹಿಂದಿನಿಂದ ಬರುವುದನ್ನು ಕಲಿಸಿ: 26ರಿಂದ 6 ತೆಗೆದರೆ 20, ಅದು ಐದನೇ ಒಂದು ಪಾಲು, ಆಯಿತು. ಎ, ಬಿ, ಸಿ ಹೋಲಿಕೆಯ ಪ್ರಶ್ನೆಗಳಲ್ಲಿ (4ರ ವರ್ಗ, 2ರ ನಾಲ್ಕನೇ ಘಾತ, 3ರ ಘನ ಇತ್ಯಾದಿ) ಮೂರೂ ಬೆಲೆಗಳನ್ನು ಕಾಗದದ ಮೇಲೆ ಬರೆದು ಆಮೇಲೆ ಆಯ್ಕೆ ನೋಡಬೇಕು. ಆಯ್ಕೆಗಳನ್ನು ಮೊದಲು ಓದಿದರೆ ‘ಎ ಮತ್ತು ಬಿ ಸಮ, ಸಿ ದೊಡ್ಡದು’ ಎಂಬಂಥ ನಾಲ್ಕು ವಾಕ್ಯಗಳ ಸಿಕ್ಕಿನಲ್ಲೇ ಸಮಯ ಹೋಗುತ್ತದೆ.

ಗಣಿತ ಭಾಗದಲ್ಲಿ ಪಠ್ಯ ಎಂಟನೇ ತರಗತಿಯ ಮಟ್ಟದ್ದೇ. ಮುಂದೆ ಓಡಿದ ಮಕ್ಕಳು ಭಿನ್ನರಾಶಿಯ ಭಾಗಾಕಾರ, ದಶಮಾಂಶದ ಗುಣಾಕಾರ, ಇಂಚು-ಅಡಿ-ಯಾರ್ಡ್, ಪಿಂಟ್-ಕ್ವಾರ್ಟ್-ಗ್ಯಾಲನ್ ಇವನ್ನು ಕೈಯಲ್ಲಿ ಮಾಡಿ ಎಷ್ಟೋ ಕಾಲವಾಗಿರುತ್ತದೆ. ಅದೊಂದನ್ನೇ ತಿದ್ದಿ.

ರೀಡಿಂಗ್‌ನ 62ರಲ್ಲಿ 40 ಪ್ರಶ್ನೆ ಓದಿ ಅರ್ಥಮಾಡಿಕೊಳ್ಳುವುದು, 22 ಬರೀ ಪದಗಳ ಅರ್ಥ. ಪದಗಳ ಅರ್ಥದ ಭಾಗ ಕೊನೆಯಲ್ಲಿದ್ದರೂ ಅದನ್ನೇ ಮೊದಲು ಮುಗಿಸುವುದು ನಮಗೆ ಸರಿಹೋಯಿತು, ಆರೇಳು ನಿಮಿಷದಲ್ಲಿ 22 ಕೈಗೆ ಬರುತ್ತವೆ. ಆದರೆ ಹೀಗೆ ಹಾರುವಾಗ ಉತ್ತರಪತ್ರಿಕೆಯಲ್ಲಿ ಸಾಲು ತಪ್ಪುವ ಅಪಾಯವಿದೆ, ಉತ್ತರ ತುಂಬುವ ಒಂದು ಗುಳ್ಳೆ ಜಾರಿದರೆ ಮುಂದಿನದೆಲ್ಲ ಜಾರುತ್ತದೆ. ಪ್ರತಿ ಹತ್ತನೇ ಪ್ರಶ್ನೆಗೆ ಸಂಖ್ಯೆ ಹೊಂದಿಸಿ ನೋಡುವ ರೂಢಿ ಬೇಕು. ಲ್ಯಾಂಗ್ವೇಜ್ ಭಾಗದಲ್ಲಿ ಅಲ್ಪವಿರಾಮ, ದೊಡ್ಡಕ್ಷರ, ಕ್ರಿಯಾಪದದ ವಚನ, ಸ್ಪೆಲ್ಲಿಂಗ್. ‘ಯಾವ ತಪ್ಪೂ ಇಲ್ಲ’ ಅನ್ನುವುದೂ ಒಂದು ಆಯ್ಕೆ. ಅತಿ ಜಾಣರು ಅದನ್ನು ನಂಬುವುದೇ ಇಲ್ಲ.

ಪ್ರತಿ ಭಾಗದ ಕೊನೆಯ 30 ಸೆಕೆಂಡಿನಲ್ಲಿ ಉಳಿದ ಎಲ್ಲ ಗುಳ್ಳೆಗಳನ್ನೂ ಒಂದೇ ಅಕ್ಷರದಿಂದ ತುಂಬಿಬಿಡಬೇಕು. ಕಡಿತ ಇಲ್ಲದಿರುವಾಗ ಖಾಲಿ ಬಿಡುವುದು ದಾನ ಮಾಡಿದ ಹಾಗೆ.

ಅಭ್ಯಾಸದ ವೇಳಾಪಟ್ಟಿ: ಸೆಪ್ಟೆಂಬರಿನಲ್ಲಿ ಒಂದು ಪೂರ್ಣ ಪರೀಕ್ಷೆ, ಸಮಯ ಹಿಡಿದು. ಅದರ ನಂತರ ವಾರಕ್ಕೆ ನಾಲ್ಕು ದಿನ 30 ನಿಮಿಷ, ಒಂದೊಂದು ದಿನ ಒಂದು ಭಾಗ. ಎರಡು ವಾರಕ್ಕೊಂದು ಶನಿವಾರ ಬೆಳಿಗ್ಗೆ ಪೂರ್ಣ ಪರೀಕ್ಷೆ, ಎರಡನೇ ನಂಬರಿನ ಪೆನ್ಸಿಲ್ ಮತ್ತು ಗುಳ್ಳೆ ಹಾಳೆಯ ಸಮೇತ. ತಪ್ಪುಗಳನ್ನು ‘ಗೊತ್ತಿಲ್ಲ’, ‘ಸಮಯ ಸಾಲಲಿಲ್ಲ’, ‘ತಪ್ಪಾಗಿ ಓದಿದೆ’ ಎಂದು ಮೂರು ಕಂಬಸಾಲಿನಲ್ಲಿ ಹುಡುಗನೇ ಬರೆಯಬೇಕು. ನವೆಂಬರ್ ವೇಳೆಗೆ ಮೂರನೇ ಕಂಬಸಾಲೇ ಉದ್ದವಾಗಿದ್ದರೆ ಪಾಠ ಸಾಕು, ನಿದ್ದೆ ಬೇಕು. ಹೆಚ್ಚುವರಿ ಸಮಯ ಬೇಕಾದ ಮಕ್ಕಳಿಗೆ ಐಇಪಿ ಅಥವಾ 504 ಯೋಜನೆಯ (ಅಂಗವೈಕಲ್ಯ, ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಶಾಲೆ ಮಾಡಿಕೊಡುವ ನೆರವಿನ ಯೋಜನೆ) ದಾಖಲೆಯನ್ನು ಪರೀಕ್ಷೆಗೆ ಸಾಕಷ್ಟು ಮೊದಲೇ ಕೊಡಬೇಕು, ಆ ದಿನ ಹೋಗಿ ಕೇಳಿದರೆ ಸಿಗುವುದಿಲ್ಲ. ಪರೀಕ್ಷೆಯನ್ನು ಬೇರೆ ಬೇರೆ ಶಾಲೆಯಲ್ಲಿ ಎರಡು ಸಲ ಬರೆಸುವ ಉಪಾಯವೂ ಬೇಡ. ಕಡಿಮೆ ಅಂಕವನ್ನೇ ಹಿಡಿಯುತ್ತೇವೆ ಎಂದು ಅನೇಕ ಶಾಲೆಗಳು ಹೇಳುತ್ತವೆ. ಒಂದು ಕಡೆ ಬರೆದು ಅಂಕವನ್ನು ಉಳಿದ ಶಾಲೆಗಳಿಗೆ ಕಳಿಸಿದರಾಯಿತು.

ಪರೀಕ್ಷೆಗಿಂತ ತೂಕ ಹೆಚ್ಚಿರುವುದು ಏಳನೇ ತರಗತಿಯ ಗ್ರೇಡುಗಳಿಗೆ ಮತ್ತು ಎಂಟರ ಮೊದಲರ್ಧಕ್ಕೆ. ಇದು ಅನೇಕರಿಗೆ ತಡವಾಗಿ ಹೊಳೆಯುತ್ತದೆ. ಇಂಗ್ಲಿಷ್ ಮತ್ತು ಗಣಿತ ಶಿಕ್ಷಕರ ಶಿಫಾರಸು ಕೇಳುತ್ತಾರೆ. ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಈ ಫಾರ್ಮು ರೂಢಿ, ಸರ್ಕಾರಿ ಮಿಡ್ಲ್ ಸ್ಕೂಲಿನವರಿಗೆ ಅಷ್ಟು ಇಲ್ಲ. ಅಕ್ಟೋಬರಿನಲ್ಲೇ ಖುದ್ದಾಗಿ ಕೇಳಿ, ಗಡುವಿಗೆ ಎರಡು ವಾರ ಮೊದಲು ಒಮ್ಮೆ ವಿನಯವಾಗಿ ನೆನಪಿಸಿ. ಕೇಳಬೇಕಾದವನು ಹುಡುಗ, ಅಪ್ಪನಲ್ಲ.

ಕ್ಯಾಥೊಲಿಕರಾದರೆ ಜ್ಞಾನಸ್ನಾನದ ಪ್ರಮಾಣಪತ್ರ, ಧರ್ಮಕೇಂದ್ರದ ಗುರುಗಳ ಪತ್ರ ಬೇಕಾಗಬಹುದು. ಊರಿನ ಚರ್ಚಿನಿಂದ ತರಿಸುವುದಿದ್ದರೆ ಬೇಸಿಗೆಯಲ್ಲೇ ಕೇಳಿಟ್ಟುಕೊಳ್ಳಿ. ಹಿಂದೂ, ಜೈನ, ಮುಸ್ಲಿಂ ಮಕ್ಕಳಿಗೂ ಬಾಗಿಲು ತೆರೆದಿದೆ. ಆದರೆ ಪ್ರಬಂಧದಲ್ಲಿ ಇದ್ದಕ್ಕಿದ್ದಂತೆ ಯೇಸುಭಕ್ತಿ ಉಕ್ಕಿಸುವುದು, ಅಥವಾ ‘ಇತರರಿಗಾಗಿ ಬದುಕುವ ಪುರುಷರು’ ಅನ್ನುವ ಜೆಸ್ವಿಟ್ ಘೋಷವಾಕ್ಯವನ್ನು ಮೂರು ಸಲ ಉರುಹೊಡೆಯುವುದು, ಎರಡೂ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಆ ಮಾತು 1973ರಲ್ಲಿ ಜೆಸ್ವಿಟ್‌ಗಳ ಆಗಿನ ಮುಖ್ಯಸ್ಥ ಪೆದ್ರೊ ಅರ್ರೂಪೆ ಸ್ಪೇನಿನ ವಾಲೆನ್ಸಿಯಾದಲ್ಲಿ ಜೆಸ್ವಿಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳಿಗೆ ಹೇಳಿದ್ದು, ಅದೂ ಅವರನ್ನು ಮುಜುಗರಕ್ಕೆ ಒಡ್ಡುವ ಹಾಗೆ: ನ್ಯಾಯದ ವಿಷಯದಲ್ಲಿ ನಾವು ನಿಮಗೆ ಸರಿಯಾಗಿ ಕಲಿಸಲಿಲ್ಲ ಎಂದು. ಹುಡುಗ ಭಾನುವಾರ ಕನ್ನಡ ಶಾಲೆಯಲ್ಲಿ ಚಿಕ್ಕವರಿಗೆ ವರ್ಣಮಾಲೆ ಕಲಿಸಿದ್ದರೆ ಅದನ್ನೇ ಬರೆಯಲಿ, ಯಾವ ಮಗು ಏನು ತೊಂದರೆ ಕೊಟ್ಟಿತು ಅನ್ನುವ ಸಮೇತ. ತಿದ್ದುವಾಗ ದೊಡ್ಡವರ ವಾಕ್ಯ ಸೇರಿಸಬೇಡಿ. ಹದಿಮೂರರ ಹುಡುಗನ ಪ್ರಬಂಧದಲ್ಲಿ ‘ಸಮಗ್ರ ವ್ಯಕ್ತಿತ್ವ ವಿಕಸನ’ ಕಂಡರೆ ಯಾರು ನಂಬುತ್ತಾರೆ?

ಒಳಗೆ ಹೋದ ಮೇಲೆ ಧರ್ಮಶಿಕ್ಷಣದ ತರಗತಿ ಎಲ್ಲರಿಗೂ ಇರುತ್ತದೆ. ಬಲಿಪೂಜೆಗೆ (ಮಾಸ್) ಕೂರಬೇಕು, ಆದರೆ ಕ್ಯಾಥೊಲಿಕರಲ್ಲದವರು ಅಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಸ್ವೀಕರಿಸುವಂತಿಲ್ಲ. ಕೂತಲ್ಲೇ ಇರಬಹುದು, ಅಥವಾ ಎದೆಯ ಮೇಲೆ ಕೈಗಳನ್ನು ಅಡ್ಡವಿಟ್ಟು ಸಾಲಿನಲ್ಲಿ ಹೋದರೆ ಆಶೀರ್ವಾದ ಸಿಗುತ್ತದೆ. ಇದನ್ನು ಮೊದಲೇ ಹೇಳಿಕೊಟ್ಟರೆ ಮೊದಲ ದಿನ ಹುಡುಗ ಕಕ್ಕಾಬಿಕ್ಕಿಯಾಗುವುದಿಲ್ಲ. ಮೇಲಿನ ತರಗತಿಗಳಲ್ಲಿ ಕೈರೋಸ್ ಎಂಬ ನಾಲ್ಕು ದಿನದ ಧ್ಯಾನಕೂಟ ಇರುತ್ತದೆ, ಫೋನು ಇಲ್ಲ. ಸಸ್ಯಾಹಾರಿಯಾದರೆ ಫಾರ್ಮಿನಲ್ಲಿ ‘ಮೊಟ್ಟೆಯೂ ಇಲ್ಲ’ ಎಂದು ಬಿಡಿಸಿ ಬರೆಯಿರಿ. ಬರೀ ಸಸ್ಯಾಹಾರಿ ಎಂದರೆ ಇಲ್ಲಿ ಆಮ್ಲೆಟ್ ಬರುತ್ತದೆ.

ಮುಂದಿನ ಕಾಲೇಜಿನ ಲೆಕ್ಕವನ್ನು ಈಗಲೇ ನೋಡಿಬಿಡುವುದು ಒಳ್ಳೆಯದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಯುಸಿ) ಸೇರಲು ಅದು ಒಪ್ಪುವ ಹೈಸ್ಕೂಲ್ ವಿಷಯಗಳ ಎ–ಜಿ ಪಟ್ಟಿಯ 15 ವರ್ಷಾವಧಿ ಕೋರ್ಸುಗಳು ಬೇಕು, ಅದರಲ್ಲಿ 11 ಹನ್ನೊಂದನೇ ತರಗತಿಯ ಕೊನೆಗೆ ಮುಗಿದಿರಬೇಕು. ಭಕ್ತಿ ಬೆಳೆಸುವ ಉದ್ದೇಶದ ಧರ್ಮ ತರಗತಿ ಆ ಪಟ್ಟಿಗೆ ಸೇರುವುದಿಲ್ಲ. ಅದರ ಹೋಂವರ್ಕು ಮಾತ್ರ ನಿಜದ್ದೇ. ಅಂದರೆ ಸರ್ಕಾರಿ ಶಾಲೆಯ ಹುಡುಗ ಇನ್ನೊಂದು ಐಚ್ಛಿಕ ವಿಷಯ ತೆಗೆದುಕೊಳ್ಳುವ ಜಾಗದಲ್ಲಿ ಇವನಿಗೆ ಧರ್ಮಶಿಕ್ಷಣ ಇರುತ್ತದೆ. ಜತೆಗೆ, ಯುಸಿಯ ಸ್ಥಳೀಯ ಅರ್ಹತೆ (ತನ್ನ ಶಾಲೆಯೊಳಗಿನ ಸ್ಥಾನದ ಮೇಲೆ ಸಿಗುವ ಅರ್ಹತೆ) ಭಾಗವಹಿಸುವ ಶಾಲೆಯ ಮೇಲಿನ ಶೇ 9 ವಿದ್ಯಾರ್ಥಿಗಳಿಗೆ ಸಿಗುತ್ತದೆ. ಆರಿಸಿ ತೆಗೆದುಕೊಂಡ ಹುಡುಗರ ನಡುವೆ ಆ 9ರೊಳಗೆ ಬರುವುದು ಸಲೀಸಲ್ಲ. ಲಿನ್‌ಬ್ರುಕ್, ಮೊಂಟಾ ವಿಸ್ಟಾ ಎಂಬ ಸರ್ಕಾರಿ ಹೈಸ್ಕೂಲುಗಳ ವ್ಯಾಪ್ತಿಯಲ್ಲಿ ಮನೆ ಇರುವವರಿಗೆ ಅಲ್ಲೂ ಇದೇ ಕಥೆ, ಆದರೆ ಅಲ್ಲಿ ಫೀಸು ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬರೀ ಕಾಲೇಜ್ ಪ್ರವೇಶಕ್ಕಾಗಿ ಇಷ್ಟು ಹಣ ಸುರಿಯಬಾರದು. ಚಿಕ್ಕ ಊರಿನಂಥ ಶಿಸ್ತು, ಎಲ್ಲರೂ ಹೆಸರು ಹಿಡಿದು ಕರೆಯುವ ವಾತಾವರಣ ಹುಡುಗನಿಗೆ ಒಗ್ಗುತ್ತದೆ ಅನ್ನಿಸಿದರೆ ಮಾತ್ರ.

ಹಣದ ವಿಷಯ. ಶುಲ್ಕ ವಿನಾಯಿತಿಯ ಅರ್ಜಿ ಪ್ರತ್ಯೇಕ, ಗಡುವೂ ಪ್ರತ್ಯೇಕ. ಆದಾಯ ತೆರಿಗೆಯ 1040 ಫಾರ್ಮು ಮತ್ತು ಕಂಪನಿ ಕೊಡುವ ಸಂಬಳದ ಲೆಕ್ಕ ಡಬ್ಲ್ಯು-2 ಕೇಳುತ್ತಾರೆ. ಕಂಪನಿ ಷೇರು ಕೈಸೇರಿದ ವರ್ಷ ಡಬ್ಲ್ಯು-2 ಉಬ್ಬಿರುತ್ತದೆ, ಊರಿನ ತಂದೆತಾಯಿಗೆ ಕಳಿಸುವ ಹಣ ಎಲ್ಲೂ ಕಾಣುವುದಿಲ್ಲ. ಎರಡನ್ನೂ ವಿವರಣೆಯ ಜಾಗದಲ್ಲಿ ಅಂಕಿಸಹಿತ ಬರೆಯಿರಿ. 529 ಖಾತೆಯಿಂದ (ಓದಿನ ಖರ್ಚಿಗೆಂದು ತೆರಿಗೆ ರಿಯಾಯಿತಿಯಲ್ಲಿ ಹಣ ಕೂಡಿಡುವ ಖಾತೆ) ಹೈಸ್ಕೂಲ್ ಫೀಸು ಕಟ್ಟಲು ಫೆಡರಲ್ ಕಾನೂನು 2018ರಿಂದ ವರ್ಷಕ್ಕೆ 10,000 ಡಾಲರ್‌ವರೆಗೆ ಬಿಟ್ಟಿತ್ತು, 2026ರಿಂದ ಅದು 20,000. ಆದರೆ ಕ್ಯಾಲಿಫೋರ್ನಿಯಾ ಇದನ್ನು ಒಪ್ಪಿಲ್ಲ: ಗಳಿಕೆಯ ಭಾಗಕ್ಕೆ ರಾಜ್ಯದ ತೆರಿಗೆ, ಅದರ ಮೇಲೆ ಶೇ 2.5 ದಂಡ. ಹಾಗಾಗಿ ನಾವು 529 ಮುಟ್ಟಲಿಲ್ಲ.

ಓಡಾಟ: ಬೆಲರ್ಮಿನ್ ಪಕ್ಕದಲ್ಲೇ ಕ್ಯಾಲ್‌ಟ್ರೇನ್‌ನ ಕಾಲೇಜ್ ಪಾರ್ಕ್ ನಿಲ್ದಾಣವಿದೆ, ಆದರೆ ಅಲ್ಲಿ ನಿಲ್ಲುವುದು ಶಾಲೆಯ ಸಮಯದ ಬೆರಳೆಣಿಕೆಯ ರೈಲುಗಳು. ಅಭ್ಯಾಸ, ಕ್ಲಬ್ ಎಂದು ಸಂಜೆ ತಡವಾದರೆ ಡಿರಿಡಾನ್ ನಿಲ್ದಾಣಕ್ಕೆ ಹೋಗಬೇಕು. ಕಾರ್‌ಪೂಲ್ ಮಾತುಕತೆಯನ್ನು ಬೇಸಿಗೆಯಲ್ಲೇ ಮುಗಿಸಿ.

ಫಲಿತಾಂಶ ಸಾಮಾನ್ಯವಾಗಿ ಮಾರ್ಚ್ ಮಧ್ಯಕ್ಕೆ. ಒಪ್ಪಿಗೆ ಸೂಚಿಸಲು ಸಿಗುವ ಅವಧಿ ಚಿಕ್ಕದು, ಕಟ್ಟಿದ ಮುಂಗಡ ವಾಪಸ್ ಬರುವುದಿಲ್ಲ. ಸರ್ಕಾರಿ ಹೈಸ್ಕೂಲಿನ ನೋಂದಣಿಯನ್ನೂ ಅಷ್ಟರಲ್ಲಿ ಮುಗಿಸಿಟ್ಟಿರಿ. ವೇಟ್‌ಲಿಸ್ಟ್ ಆದರೆ ಒಂದೇ ಒಂದು ಚಿಕ್ಕ ಪತ್ರ, ಹುಡುಗನ ಕೈಯಿಂದ: ಇನ್ನೂ ಬರಲು ಇಷ್ಟವಿದೆ, ಇತ್ತೀಚಿನ ಗ್ರೇಡು ಇದು. ಅಪ್ಪ ಅಮ್ಮ ವಾರವಾರ ಫೋನು ಮಾಡಿದರೆ ಸೀಟು ಹತ್ತಿರ ಬರುವುದಿಲ್ಲ. ಸೀಟು ಸಿಕ್ಕವರಿಗೆ ವಸಂತದಲ್ಲಿ ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ ಇರಬಹುದು, ಹುಡುಗ ಜಿಯೊಮೆಟ್ರಿಗೆ ಹೋಗುತ್ತಾನೋ ಆಲ್ಜೀಬ್ರಾ ಮತ್ತೆ ಮಾಡುತ್ತಾನೋ ಅನ್ನುವುದು ನಿಲ್ಲುವುದು ಅದರ ಮೇಲೆ. ಅದಕ್ಕೆ ಮಾತ್ರ ಹಳೆಯ ಆಲ್ಜೀಬ್ರಾ ಪುಸ್ತಕ ಒಮ್ಮೆ ತೆಗೆಸಿ.