ವಾಡಿ ಜಂಕ್ಷನ್ನಿಂದ ಮೇಜಿನ ಮೇಲಕ್ಕೆ: ಗೂಡ್ಸ್ ಗಾಡಿ ನೋಡುವುದು, ಮಾಡೆಲ್ ಕಟ್ಟುವುದು

ರೈಲು ಹುಚ್ಚಿನವರಲ್ಲಿ ಹೆಚ್ಚಿನವರು ಇಂಜಿನ್ ಬಂದಾಗ ಫೋಟೊ ಹೊಡೆದು, ಡಬ್ಬಿಗಳು ಶುರುವಾದ ಕೂಡಲೇ ಫೋನ್ ಜೇಬಿಗೆ ಹಾಕಿಬಿಡುತ್ತಾರೆ. ಗೂಡ್ಸ್ ಗಾಡಿ ನೋಡೋರು ಅಲ್ಲಿಂದಲೇ ನೋಡಲು ಶುರು ಮಾಡಬೇಕು. ಗೂಡ್ಸ್ ಎಳೆಯುವ ವ್ಯಾಗ್-9 ಎಲೆಕ್ಟ್ರಿಕ್ ಇಂಜಿನ್ ಕಲಬುರಗಿಯಲ್ಲೂ ಅದೇ, ನಾಗಪುರದಲ್ಲೂ ಅದೇ. ಈ ಊರಿಗೆ ಏನು ಬರುತ್ತದೆ, ಇಲ್ಲಿಂದ ಏನು ಹೋಗುತ್ತದೆ ಅನ್ನೋದು ಡಬ್ಬಿ ನೋಡಿದರೆ ಮಾತ್ರ ಗೊತ್ತಾಗೋದು. ಮುಂದೆ ಮಾಡೆಲ್ ಕಟ್ಟುವ ಆಸೆ ಇದ್ದರಂತೂ ಇಂಜಿನ್ ಆಮೇಲೆ ನೋಡಿಕೊಂಡರಾಯ್ತು.

ಎಲ್ಲಾ ನಮೂನೆ ಡಬ್ಬಿ ಒಟ್ಟಿಗೆ ಕಲಿಯಲು ಹೋಗಬೇಡಿ, ತಲೆ ಕೆಡುತ್ತದೆ. ನಮ್ಮ ಕಲಬುರಗಿ ಭಾಗಕ್ಕೆ ಸಿಮೆಂಟ್ ಗಾಡಿ ಸಾಕು. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ ಸುತ್ತ ಸುಣ್ಣಕಲ್ಲು ಇದೆ, ಅದಕ್ಕೇ ಇಷ್ಟೊಂದು ಸಿಮೆಂಟ್ ಫ್ಯಾಕ್ಟರಿ. ಫ್ಯಾಕ್ಟರಿಯ ಗೂಡಿಗೆ ಕಲ್ಲಿದ್ದಲು ಬೇಕು, ಅದು ತೆರೆದ ಡಬ್ಬಿಯಲ್ಲಿ ಬರುತ್ತದೆ. ಚೀಲ ತುಂಬಿದ ಸಿಮೆಂಟ್ ಮುಚ್ಚಿದ ಡಬ್ಬಿಯಲ್ಲಿ ಹೋಗುತ್ತದೆ. ತೆರೆದದ್ದು ಬಾಕ್ಸ್‌ಎನ್, ಮುಚ್ಚಿದ್ದು ಬಿಸಿಎನ್. ಈ ಎರಡು ಜಾತಿ ಮತ್ತು ಅವುಗಳ ಅಣ್ಣತಮ್ಮಂದಿರನ್ನು ಗುರುತು ಹಿಡಿದರೆ ಇಲ್ಲಿ ಕಾಣುವ ಗಾಡಿಗಳಲ್ಲಿ ಬಹಳಷ್ಟು ಮುಗಿದ ಹಾಗೆಯೇ. ಟ್ಯಾಂಕರ್, ಕಂಟೇನರ್, ಕಾರು ಸಾಗಿಸುವ ಡಬ್ಬಿ ಎಲ್ಲ ಮಧ್ಯೆ ಮಧ್ಯೆ ಬರುತ್ತವೆ, ಬಂದಾಗ ನೋಡಿಕೊಳ್ಳಿ.

ಎಲ್ಲಿ ನಿಲ್ಲಬೇಕು

ಮೊದಲ ಆಯ್ಕೆ ವಾಡಿ, ಅದರಲ್ಲಿ ಚರ್ಚೆಯೇ ಇಲ್ಲ. ಸೋಲಾಪುರ, ರಾಯಚೂರು, ಸಿಕಂದರಾಬಾದ್, ಮೂರೂ ಕಡೆಯ ಹಳಿ ಇಲ್ಲಿ ಕೂಡುತ್ತವೆ. ಮುಂಬೈ ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಗೆ ಸೇರಿತು. ಆಮೇಲೆ 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೋಯಿತು. ಈ ಊರು ಜಂಕ್ಷನ್ ಆಗಿದ್ದೇ ಹಾಗೆ. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಳ್ಳಿ, ಹತ್ತು ರೂಪಾಯಿ, ಎರಡು ಗಂಟೆ ನಡೆಯುತ್ತದೆ. ಪ್ಲಾಟ್‌ಫಾರ್ಮಿನ ತುದಿ ಕಡೆ ನೆರಳಿದ್ದರೆ ಅಲ್ಲಿ ಕೂತುಕೊಳ್ಳಿ. ಮೇಲುಸೇತುವೆ ಹತ್ತಿದರೆ ಡಬ್ಬಿಯ ಒಳಗೂ ಕಾಣುತ್ತದೆ, ಖಾಲಿನೋ ತುಂಬಿದ್ದೋ ಅನ್ನೋದು ತಕ್ಷಣ ತಿಳಿಯುತ್ತದೆ. ಆದರೆ ಕೆಳಗೆ 25,000 ವೋಲ್ಟ್ ತಂತಿ ಇದೆ. ಸೆಲ್ಫಿ ಸ್ಟಿಕ್ಕು, ಟ್ರೈಪಾಡು ಜಾಲರಿಯಿಂದ ಆಚೆ ಚಾಚೋ ಕೆಲಸ ಬೇಡವೇ ಬೇಡ.

ಯಾದಗಿರಿಯಲ್ಲಿ ಗಾಡಿಗಳು ವೇಗವಾಗಿ ಹಾದು ಹೋಗುತ್ತವೆ, ಎಣಿಸೋ ಅಭ್ಯಾಸಕ್ಕೆ ಅದು ಒಳ್ಳೆ ಜಾಗ. ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ಶುರುವಾದ ಹೊಸ ಹಳಿ. ಒಂಟಿ ಮಾರ್ಗವಾದ್ದರಿಂದ ಒಂದು ಗಾಡಿ ನಿಂತು ಇನ್ನೊಂದಕ್ಕೆ ದಾರಿ ಬಿಡುವುದನ್ನು ಸಣ್ಣ ಸ್ಟೇಷನ್ನಲ್ಲಿ ಕೂತು ಆರಾಮಾಗಿ ನೋಡಬಹುದು. ಅದೇ ಮಾರ್ಗದ ಮರಗುತ್ತಿ ಸುರಂಗದ ಕಡೆ ನಡೆದುಕೊಂಡು ಹೋಗಿ ವಿಡಿಯೊ ಮಾಡೋ ಹುಡುಗರಿಗೆ ಒಂದು ಮಾತು. ಅನುಮತಿ ಇಲ್ಲದೆ ಹಳಿ ಮೇಲೆ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಬದಿಗಿಡಿ, ಎಲೆಕ್ಟ್ರಿಕ್ ಇಂಜಿನ್ ಹಿಂದಿನಿಂದ ಬಂದರೆ ಹತ್ತಿರ ಬರೋವರೆಗೆ ಸದ್ದೇ ಗೊತ್ತಾಗಲ್ಲ. ಆರ್‌ಪಿಎಫ್‌ನವರು ಬಂದು ಕ್ಯಾಮೆರಾ ಒಳಗಿಡಿ ಅಂದರೆ ವಾದ ಮಾಡಬೇಡಿ, ಒಳಗಿಡಿ.

ಗೂಡ್ಸ್ ಗಾಡಿಗೆ ನಮಗೆ ಸಿಗುವಂಥ ಟೈಮ್‌ಟೇಬಲ್ ಇಲ್ಲ. ಗಾಡಿ ಎಲ್ಲಿದೆ ಅಂತ ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪಿನಲ್ಲೂ ಪ್ಯಾಸೆಂಜರ್ ಗಾಡಿಗಳು ಮಾತ್ರ ಕಾಣುತ್ತವೆ. ಆದರೂ ಅದನ್ನೇ ಉಲ್ಟಾ ಬಳಸಬಹುದು. ಎಕ್ಸ್‌ಪ್ರೆಸ್ ಗಾಡಿಗಳು ಒಂದರ ಹಿಂದೆ ಒಂದು ಬರುವ ಹೊತ್ತಿನಲ್ಲಿ ಗೂಡ್ಸ್ ಲೂಪ್ ಲೈನಿನಲ್ಲಿ, ಅಂದರೆ ಮೇನ್ ಲೈನ್ ಪಕ್ಕದ ಹಳಿಯಲ್ಲಿ, ನಿಂತಿರುತ್ತದೆ, ಅವು ಹೋದ ಮೇಲೆ ಬಿಡುತ್ತಾರೆ. ಆ್ಯಪಿನಲ್ಲಿ ಒಂದು ಗಂಟೆಯ ಖಾಲಿ ಜಾಗ ಕಂಡರೆ ಅದರ ಸ್ವಲ್ಪ ಮುಂಚೆಯೇ ಸ್ಟೇಷನ್ನಲ್ಲಿ ಇರಿ. ಸಿಗ್ನಲ್ ಕಡೆಯೂ ಕಣ್ಣಿರಲಿ. ಸ್ಟೇಷನ್ ಒಳಗೆ ಬರುವ ಮುಂಚೆ ಸಿಗುವ ಹೋಮ್ ಸಿಗ್ನಲ್ಲಿನಲ್ಲಿ ಹಳದಿಯ ಜೊತೆ ಬಿಳಿ ದೀಪಗಳ ಓರೆ ಸಾಲು ಹತ್ತಿದರೆ ಗಾಡಿ ಮೇನ್ ಲೈನ್ ಬಿಟ್ಟು ಪಕ್ಕಕ್ಕೆ ತಿರುಗುತ್ತಿದೆ ಅಂತ ಅರ್ಥ, ಅಂದರೆ ನಿಧಾನವಾಗಿ ಬರುತ್ತದೆ, ಬಹುಶಃ ನಿಲ್ಲುತ್ತದೆ. ನಿಂತ ಗಾಡಿ ಸಿಕ್ಕರೆ ಹಬ್ಬ!

ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ. ಬಿಸಿಲು ಒಂದು ಕಡೆ ಇರಲಿ, ಕಾದ ಜಲ್ಲಿಯ ಮೇಲೆ ಗಾಳಿ ಕುದಿಯುತ್ತಿರುತ್ತದೆ, ಜೂಮ್ ಹಾಕಿ ತೆಗೆದ ಫೋಟೊದಲ್ಲಿ ಡಬ್ಬಿ ಮೇಲಿನ ಅಕ್ಷರ ಅಲುಗಾಡಿದಂತೆ ಕಾಣುತ್ತದೆ, ಓದಲು ಆಗಲ್ಲ.

ಏನು ನೋಡಬೇಕು, ಏನು ಬರೆದುಕೊಳ್ಳಬೇಕು

ಮೊದಲು ನಂಬರ್. ಪ್ರತಿ ಡಬ್ಬಿ ಮೇಲೆ 11 ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ಡಬ್ಬಿಯ ಜಾತಿ ಹೇಳುತ್ತವೆ: 10ರಿಂದ 29 ತೆರೆದದ್ದು, 30ರಿಂದ 39 ಮುಚ್ಚಿದ್ದು, 40ರಿಂದ ಟ್ಯಾಂಕ್, 85ರಿಂದ 89 ಬ್ರೇಕ್‌ವ್ಯಾನ್, ಅಂದರೆ ಕೊನೆಯಲ್ಲಿರುವ ಗಾರ್ಡ್ ಡಬ್ಬಿ. ಮುಂದಿನ ಎರಡು ಯಾವ ರೈಲ್ವೆಯದು ಅಂತ: 01 ಮಧ್ಯ ರೈಲ್ವೆ, 09 ದಕ್ಷಿಣ ಮಧ್ಯ, 15 ನೈಋತ್ಯ. ಆಮೇಲಿನ ಎರಡು ತಯಾರಾದ ವರ್ಷ. ಆಮೇಲೆ ನಾಲ್ಕು ಅಂಕಿ ಆ ಡಬ್ಬಿಯ ಸ್ವಂತದ್ದು. ಕೊನೆಯದು ತಾಳೆ ನೋಡುವ ಅಂಕಿ, ಅದರಲ್ಲೇ ಮಜಾ ಇರೋದು. ಉದಾಹರಣೆಗೆ 31091420576 ಅಂತ ಇಟ್ಟುಕೊಳ್ಳಿ. ಮೊದಲ ಹತ್ತರಲ್ಲಿ ಸರಿ ಸ್ಥಾನದ ಅಂಕಿಗಳನ್ನು ಕೂಡಿಸಿ: 1, 9, 4, 0, 7, ಒಟ್ಟು 21. ಮೂರರಿಂದ ಗುಣಿಸಿದರೆ 63. ಬೆಸ ಸ್ಥಾನದವು 3, 0, 1, 2, 5, ಒಟ್ಟು 11. ಎರಡೂ ಸೇರಿ 74. ಮುಂದಿನ ಹತ್ತರ ಲೆಕ್ಕ 80, ಅದಕ್ಕೆ ಬೇಕಾದ್ದು 6. ಕೊನೆಯ ಅಂಕಿ 6, ಸರಿಹೋಯ್ತು ಅಲ್ವಾ? ಓಡುವ ಗಾಡಿಯಲ್ಲಿ ಮಸುಕಾದ ಒಂದು ಅಂಕಿ 3ನೋ 8ನೋ ಗೊತ್ತಾಗದಿದ್ದರೆ ಮನೆಗೆ ಬಂದು ಹೀಗೆ ಲೆಕ್ಕ ಹಾಕಿ ಹಿಡಿಯಬಹುದು. ಅಂದ ಹಾಗೆ ಈ ನಂಬರ್ ಉದಾಹರಣೆಗೆ ನಾನೇ ಕಟ್ಟಿದ್ದು, ಯಾರ್ಡಿನಲ್ಲಿ ಹುಡುಕಬೇಡಿ.

ತುಂಬಿದ್ದೋ ಖಾಲಿಯೋ? ತೆರೆದ ಡಬ್ಬಿ ಸುಲಭ. ಮುಚ್ಚಿದ ಬಿಸಿಎನ್ ಇದ್ದಾಗ ಚಕ್ರದ ಮಧ್ಯೆ ಇರುವ ಸ್ಪ್ರಿಂಗ್ ನೋಡಿ. ತುಂಬಿದ ಡಬ್ಬಿಯ ಸ್ಪ್ರಿಂಗ್ ಅದುಮಿಕೊಂಡು ಸುರುಳಿಗಳು ಹತ್ತಿರ ಹತ್ತಿರ ಇರುತ್ತವೆ, ಖಾಲಿಯದರಲ್ಲಿ ಸಂದು ಕಾಣುತ್ತದೆ. ಕಿವಿಗೂ ಗೊತ್ತಾಗುತ್ತದೆ: ಖಾಲಿ ರೇಕ್ (ಒಂದು ಗಾಡಿಯ ಡಬ್ಬಿಗಳ ಪೂರ್ತಿ ಸಾಲು) ದಡಬಡ ಅಂತ ಬಾಗಿಲು ಬಡಿದುಕೊಂಡು ಬರುತ್ತದೆ, ತುಂಬಿದ್ದು ನೆಲ ನಡುಗಿಸಿಕೊಂಡು ಗಂಭೀರವಾಗಿ ಹೋಗುತ್ತದೆ. ಬಿಸಿಎನ್‌ನ ತಮ್ಮ, ಹೊಸ ಬಿಸಿಎನ್‌ಎಚ್‌ಎಲ್ ಡಬ್ಬಿ ಒಂದಕ್ಕೇ ಸುಮಾರು 70 ಟನ್ ಹಿಡಿಯುತ್ತದೆ, 50 ಕೆಜಿ ಚೀಲದ ಲೆಕ್ಕದಲ್ಲಿ 1,400 ಚೀಲ. ಅಂಥ 58 ಡಬ್ಬಿ ಒಂದು ರೇಕ್. ಇಷ್ಟು ಗೊತ್ತಿದ್ದರೆ ಖಾಲಿ ಬಿಸಿಎನ್ ಸೇಡಂ ಕಡೆ ಹೋಗುತ್ತಿದ್ದರೆ ಲೋಡಿಂಗ್‌ಗೆ ಹೋಗುತ್ತಿರಬೇಕು, ಖಾಲಿ ಬಾಕ್ಸ್‌ಎನ್ ಅಲ್ಲಿಂದ ಬಂದರೆ ಕಲ್ಲಿದ್ದಲು ಇಳಿಸಿ ಬರುತ್ತಿರಬೇಕು ಅಂತ ನೀವೇ ಊಹಿಸಬಹುದು.

ವೇಗಕ್ಕೂ ಒಂದು ಉಪಾಯ ಇದೆ. ಬಾಕ್ಸ್‌ಎನ್ ಒಂದು ಕಪ್ಲರ್‌ನಿಂದ (ಡಬ್ಬಿಗೆ ಡಬ್ಬಿ ಜೋಡಿಸುವ ಕೊಂಡಿ) ಇನ್ನೊಂದು ಕಪ್ಲರ್‌ವರೆಗೆ 10.713 ಮೀಟರ್. ಹತ್ತು ಸೆಕೆಂಡಿನಲ್ಲಿ ಎಷ್ಟು ಡಬ್ಬಿ ದಾಟಿದವು ಅಂತ ಎಣಿಸಿ ನಾಲ್ಕರಿಂದ ಗುಣಿಸಿ, ಒಂಚೂರು ಕಡಿಮೆ ಮಾಡಿ. ಹದಿನೈದು ದಾಟಿದರೆ ಗಂಟೆಗೆ ಹತ್ತಿರ ಹತ್ತಿರ 58 ಕಿಲೋಮೀಟರ್.

ಇಂಜಿನ್ ಬಗ್ಗೆ ಇಷ್ಟು ಸಾಕು: ಮಾದರಿ, ನಂಬರ್, ಅದನ್ನು ನೋಡಿಕೊಳ್ಳುವ ಶೆಡ್ ಯಾವುದು ಅನ್ನೋದು ಬರೆದುಕೊಳ್ಳಿ, ಶೆಡ್ ಹೆಸರು ಮೈಮೇಲೇ ಬರೆದಿರುತ್ತದೆ. ಕೊನೆಗೆ ಬ್ರೇಕ್‌ವ್ಯಾನ್ ಇದೆಯಾ ನೋಡಿ. ಅದರಲ್ಲಿರುವ ಗಾರ್ಡ್‌ಗೆ 2022ರಿಂದ ಟ್ರೈನ್ ಮ್ಯಾನೇಜರ್ ಅಂತ ಹೆಸರಾಗಿದೆ, ನಾವು ಮಾತ್ರ ಇನ್ನೂ ಗಾರ್ಡ್ ಅಂತಲೇ ಕೈ ಬೀಸುತ್ತೇವೆ.

ಮಾಡೆಲ್‌ಗೆ ಬೇಕಾದ ಫೋಟೊ ಬೇರೆ ಥರದ್ದು. ಚೆಂದ ಕಾಣೋ ಫೋಟೊ ಇಲ್ಲಿ ಉಪಯೋಗಕ್ಕೆ ಬರಲ್ಲ. ದೂರ ನಿಂತು, ಜೂಮ್ ಹಾಕಿ, ಡಬ್ಬಿಗೆ ನೇರ ಎದುರಿನಿಂದ ಒಂದು ಡಬ್ಬಿ ಪೂರ್ತಿ ಬರುವಂತೆ ತೆಗೆಯಿರಿ. ಹತ್ತಿರದಿಂದ ತೆಗೆದರೆ ತುದಿಗಳು ಬಾಗುತ್ತವೆ. ಉದ್ದ 10,713 ಮಿಲಿಮೀಟರ್ ಅಂತ ಗೊತ್ತೇ ಇದೆ. ಫೋಟೊದಲ್ಲಿ ಅದು 2,142 ಪಿಕ್ಸೆಲ್ ಬಂದರೆ ಒಂದು ಪಿಕ್ಸೆಲ್ ಅಂದರೆ 5 ಮಿಲಿಮೀಟರ್. ಬಾಗಿಲು ಎಷ್ಟು ಅಗಲ, ಪಕ್ಕದ ಪಟ್ಟಿಗಳ ಮಧ್ಯೆ ಎಷ್ಟು ಅಂತರ, ಎಲ್ಲ ಹೀಗೆ ತೆಗೆಯಬಹುದು. ಟೇಪ್ ಹಿಡಿದು ಡಬ್ಬಿ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಈಗ ಕಟ್ಟೋದು

ಎಚ್‌ಒ ಅಳತೆ ತಗೊಳ್ಳಿ, ಅಂದರೆ ನಿಜದ 87ನೇ ಒಂದು ಭಾಗ. ಇದರ ಹಳಿ ಮಾರ್ಕೆಟ್‌ನಲ್ಲಿ ಸಿಗುವುದು 16.5 ಮಿಲಿಮೀಟರ್ ಅಗಲದ್ದು. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, ಲೆಕ್ಕಕ್ಕೆ 19.3 ಆಗಬೇಕು. ಹಳಿ ಕೈಯಿಂದ ಮಾಡೋ ತಾಳ್ಮೆ ಇದ್ದವರು ಅದನ್ನೇ ಮಾಡಲಿ, ಉಳಿದವರು 16.5ರಲ್ಲೇ ಓಡಿಸಿ. ಪಕ್ಕದಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ. ಪೂರ್ತಿ 58 ಡಬ್ಬಿ ಕಟ್ಟುತ್ತೇನೆ ಅನ್ನೋರಿಗೆ: ಡಬ್ಬಿಗೆ 123 ಮಿಲಿಮೀಟರ್ ಅಂದರೆ ರೇಕ್ ಏಳು ಮೀಟರ್ ದಾಟುತ್ತದೆ. ಪಡಸಾಲೆ ಸಾಲದು. ಎಂಟು ಡಬ್ಬಿ, ಒಂದು ಬ್ರೇಕ್‌ವ್ಯಾನ್ ಮೊದಲು ಮಾಡಿ.

ಮೊದಲ ಡಬ್ಬಿಗೆ ಕಲ್ಲಿದ್ದಲು ತುಂಬಿದ ಬಾಕ್ಸ್‌ಎನ್ ಆರಿಸಿಕೊಳ್ಳಿ. ಬಿಸಿಎನ್‌ನ ಬಾಗಿಲು, ಚಾವಣಿ ಎರಡೂ ಕಾಡುತ್ತವೆ, ಇದರಲ್ಲಿ ಒಳಗಿನ ಓರೆಕೋರೆ ಎಲ್ಲ ಕಲ್ಲಿದ್ದಲಿನ ಕೆಳಗೆ ಮುಚ್ಚಿಹೋಗುತ್ತದೆ. ಪೆಟ್ಟಿಗೆಯ ಒಳ ಅಳತೆ 9,784 ಉದ್ದ, 2,950 ಅಗಲ, 1,950 ಎತ್ತರ. ನಮ್ಮ ಮಾಪಕ್ಕೆ 112.5, 34, 22.5 ಮಿಲಿಮೀಟರ್. ಹಳಿಯಿಂದ ಡಬ್ಬಿಯ ಮೇಲಂಚಿಗೆ 37. ದಪ್ಪ ರಟ್ಟು ಕೊಳ್ಳಲು ಅಂಗಡಿ ಸುತ್ತಬೇಡಿ, ಮನೆಯಲ್ಲಿರುವ ಹಳೇ ಲಗ್ನಪತ್ರಿಕೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಎರಡು ಪತ್ರಿಕೆ ಫೆವಿಕಾಲ್ ಹಚ್ಚಿ ಒಂದರ ಮೇಲೊಂದು ಅಂಟಿಸಿ, ಒಣಗೋವರೆಗೆ ಮೇಲೆ ದಪ್ಪ ಪುಸ್ತಕ ಹೇರಿ. ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡಿನಿಂದ ಕತ್ತರಿಸಿ, ಒಂದೇ ಏಟಿಗೆ ಒತ್ತದೆ ಮೂರ್ನಾಲ್ಕು ಸಲ ಹಗುರವಾಗಿ ಎಳೆಯಿರಿ. ಪಕ್ಕದ ಪಟ್ಟಿಗಳು ಎಷ್ಟು ಅನ್ನೋದನ್ನು ನಿಮ್ಮ ಫೋಟೊದಿಂದಲೇ ಎಣಿಸಿ ಅಂಟಿಸಿ. ಅಂಟಿಸಿದ ಮೇಲೆ ಅಂಚುಗಳಿಗೆ ಫೆವಿಕ್ವಿಕ್ ತೆಳ್ಳಗೆ ಸವರಿದರೆ ರಟ್ಟು ಗಟ್ಟಿಯಾಗುತ್ತದೆ, ಪಾಲಿಶ್ ಪೇಪರ್ ಹಿಡಿಸಬಹುದು. ಕಿಟಕಿ ತೆಗೆದಿರಲಿ, ಆ ಹೊಗೆ ಕಣ್ಣಿಗೆ ಉರಿ.

ಚಕ್ರ ಮಾತ್ರ ಕೊಳ್ಳಲೇಬೇಕು. ಬೋಗಿ ಅಂದರೆ ಇಲ್ಲಿ ಡಬ್ಬಿಯ ಕೆಳಗೆ ಚಕ್ರಗಳನ್ನು ಹಿಡಿದಿಡುವ ಚೌಕಟ್ಟು. ನಮ್ಮ ಡಬ್ಬಿಗಳ ಕ್ಯಾಸ್ನಬ್ ಬೋಗಿ ಅಮೆರಿಕದ ಮೂರು ತುಂಡಿನ ಬೋಗಿಯ ಸಂಬಂಧಿ, ಹಾಗಾಗಿ ಅಮೆರಿಕದ ಎಚ್‌ಒ ಬೋಗಿ ಹೊಂದುತ್ತದೆ. ಆದರೆ ನಮ್ಮ ಚಕ್ರ ಹೊಸದಿದ್ದಾಗ ಒಂದು ಮೀಟರ್, ಆದ್ದರಿಂದ 33 ಇಂಚಿನದು ಬಿಟ್ಟು 38 ಇಂಚಿನ ಚಕ್ರ ಕೇಳಿ ತರಿಸಿ.

ರಟ್ಟಿನ ಡಬ್ಬಿ ಹಳಿ ತಪ್ಪುತ್ತಿದ್ದರೆ ಕಾರಣ ಹೆಚ್ಚಾಗಿ ತೂಕ. ಈ ಉದ್ದದ ಡಬ್ಬಿ 95ರಿಂದ 100 ಗ್ರಾಂ ಇರಬೇಕು. ಹಾರ್ಡ್‌ವೇರ್ ಅಂಗಡಿಯ ವಾಷರ್‌ಗಳನ್ನು ತಳದಲ್ಲಿ ಎರಡೂ ಕಡೆ ಸಮನಾಗಿ ಅಂಟಿಸಿ, ಮೇಲೆ ಥರ್ಮಾಕೋಲ್ ಗುಡ್ಡ, ಅದರ ಮೇಲೆ ಕುಟ್ಟಿದ ಇದ್ದಿಲು. ಕಲ್ಲಿದ್ದಲು ಸಪಾಟಾಗಿ ಬೇಡ, ಮಧ್ಯೆ ಎರಡು ಮೂರು ದಿಬ್ಬ ಬರಲಿ, ಮೇಲುಸೇತುವೆಯಿಂದ ಕಂಡದ್ದು ಹಾಗೆಯೇ ಅಲ್ವಾ.

ಬಣ್ಣಕ್ಕೆ ರೆಡ್ ಆಕ್ಸೈಡ್ ಛಾಯೆಯ ಅಕ್ರಿಲಿಕ್ ಸಾಕು, ಹೊಳಪಿಲ್ಲದ್ದು. ವಾಡಿ ಕಡೆಯ ಬಿಸಿಎನ್ ಮಾಡುವಾಗ ಬಾಗಿಲ ಸುತ್ತ, ಚಾವಣಿ ಅಂಚಿನಲ್ಲಿ ಬೂದು ಧೂಳು ಇರಲೇಬೇಕು, ಇಲ್ಲದಿದ್ದರೆ ಆ ಡಬ್ಬಿ ಈ ಊರಿನದು ಅನ್ನಿಸಲ್ಲ. ನಿಜವಾದ ಸಿಮೆಂಟ್ ಹಾಕಬೇಡಿ, ತೇವಕ್ಕೆ ಗಟ್ಟಿಯಾಗಿ ಕೂರುತ್ತದೆ. ಬೂದು ಚಾಕ್‌ಪೀಸ್ ಉಜ್ಜಿದ ಪುಡಿಯನ್ನು ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ನಂಬರ್ ಪ್ರಿಂಟ್ ಮಾಡಿಸುವಾಗ ಕೊನೆಯ ಅಂಕಿ ಲೆಕ್ಕ ಹಾಕಿಯೇ ಬರೆಯಿರಿ. ತಪ್ಪಿದ್ದರೆ ಹಿಡಿಯೋರು ಇದ್ದೇ ಇರುತ್ತಾರೆ.

ಹಳಿಯ ಜಲ್ಲಿಗೆ ಕ್ರಷರ್ ಪುಡಿ ತಂದು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆ ಪುಡಿಯಲ್ಲಿ ಆಡಿಸಿ. ಕಪ್ಪು ಕಲ್ಲಿನ ಪುಡಿಯಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ, ಬಿಟ್ಟರೆ ಅವು ಇಂಜಿನ್ ಮೋಟಾರಿನೊಳಗೆ ಸೇರಿ ಅದನ್ನೇ ಹಾಳು ಮಾಡುತ್ತವೆ. ಉಳಿದದ್ದನ್ನು ಹಳಿ ಮಧ್ಯೆ ಹರಡಿ, ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಡ್ರಾಪರ್‌ನಿಂದ ಬಿಡಿ. ಆ ಒಂದು ಹನಿ ಇಲ್ಲದಿದ್ದರೆ ಅಂಟು ಒಳಗಿಳಿಯದೆ ಮುತ್ತು ಮುತ್ತಾಗಿ ಮೇಲೇ ನಿಲ್ಲುತ್ತದೆ.

ಕಟ್ಟಿದ ಡಬ್ಬಿಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಕಲಬುರಗಿ ಬಿಸಿಲಿಗೆ ರಟ್ಟು ಬಾಗುತ್ತದೆ, ಹಾಟ್‌ಗ್ಲೂ ಬಳಸಿದ್ದರೆ ವಾಷರ್‌ಗಳು ಕಳಚಿ ಬೀಳುತ್ತವೆ. ಕೆಳಗಿನ ಕೋಣೆಯ ಅಲ್ಮಾರಿಯಲ್ಲಿ, ಚಕ್ರ ಕೆಳಗಾಗಿ, ಒಂದರ ಮೇಲೊಂದು ಹೇರದೆ ಇಡಿ.